ಕೊಳ್ಳೇಗಾಲ ಸೀಮೆಯ ಮದ್ಯದಂಗಡಿ: ತೆರೆಯುವವರು ಯಾರು, ಮುಚ್ಚುವವರು ಯಾರು?

ಕೊಳ್ಳೇಗಾಲ ಎಂದೊಡನೆ ನಮ್ಮ ಕರಾವಳಿಯ ಜನರಿಗೆ ನೆನಪಾಗುವುದು ರೇಷ್ಮೆ ಸೀರೆ, ಮಾಟಮಂತ್ರದ ಕತೆಗಳು ಮತ್ತು ಮಲೆ ಮಹದೇಶ್ವರ ಬೆಟ್ಟ. ಅದಕ್ಕಿಂತ ಹೆಚ್ಚಿನ ಸಂಬಂಧ ನಮಗೂ ಆ ಸೀಮೆಗೂ ಇಲ್ಲವೆಂದು ಹಲವರು ತಿಳಿದಿದ್ದಾರೆ. ಆದರೆ ಇತಿಹಾಸ ಬೇರೆಯೇ ಹೇಳುತ್ತದೆ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ದಕ್ಷಿಣ ಕನ್ನಡವೂ ಕೊಳ್ಳೇಗಾಲ ತಾಲ್ಲೂಕೂ ಒಂದೇ ಮದ್ರಾಸ್ ಸರ್ಕಾರದ ಆಡಳಿತದಲ್ಲಿದ್ದವು. ಅದರಿಂದಾಗಿ ಹೆಂಡ, ಸಾರಾಯಿಯ ವಿಷಯದಲ್ಲಿ ಎರಡೂ ಕಡೆಯ ಜನರು ಒಂದೇ ಕಾಯ್ದೆಯನ್ನು ಅನುಭವಿಸಿದರು.

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳು ಇಂದು ಚಾಮರಾಜನಗರ ಜಿಲ್ಲೆಯಲ್ಲಿವೆ. ಮದ್ಯದಂಗಡಿ ಬೇಕೇ ಬೇಡವೇ, ಬೇಕಾದರೆ ಎಲ್ಲಿರಬೇಕು ಎಂಬ ವಿವಾದ ಅಲ್ಲಿ ಇಂದು ನಿನ್ನೆಯದಲ್ಲ. ಆ ಅಂಗಡಿಯ ಬಾಗಿಲು ಎಷ್ಟು ಸಲ ಮುಚ್ಚಿತು, ಎಷ್ಟು ಸಲ ತೆರೆಯಿತು, ಪ್ರತಿ ಸಲವೂ ತೀರ್ಮಾನ ಎಲ್ಲಿಂದ ಬಂತು ಎಂದು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕುಡಿತದಿಂದ ಯಾರ ಮನೆ ಹಾಳಾಗುತ್ತದೋ ಅವರ ಮಾತನ್ನು ಕೇಳಬೇಕೆಂಬ ನಿಯಮ ಒಮ್ಮೆಯೂ ಇರಲಿಲ್ಲ. ಈ ಲೇಖನದ ಉದ್ದೇಶ ಆ ಇತಿಹಾಸವನ್ನು ವಿವರಿಸುವುದು ಮತ್ತು ಇಂದಿನ ನಿಯಮಗಳಲ್ಲಿ ಜನಸಾಮಾನ್ಯರಿಗೆ ಎಷ್ಟು ಅವಕಾಶವಿದೆ ಎಂದು ತಿಳಿಸುವುದು.

ಒಂದೇ ಸೀಮೆ, ಎರಡು ಸರ್ಕಾರ

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೊಳ್ಳೇಗಾಲ ಬ್ರಿಟಿಷರ ಪಾಲಾಗಿ, ಮುಂದೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಯಿತು. ಈಗಿನ ಹನೂರು ತಾಲ್ಲೂಕು ಆಗ ಅದರದೇ ಭಾಗ. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದಲ್ಲೇ ಉಳಿಯಿತು. 1807ರಲ್ಲಿ ಅದನ್ನು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಡಲಾಯಿತು. ಹೀಗೆ ಕೆಲವೇ ಮೈಲಿ ದೂರದ ಎರಡು ಊರುಗಳು ಬೇರೆ ಬೇರೆ ಸರ್ಕಾರದ ಕೈಯಲ್ಲಿದ್ದವು. ಭಾಷೆ ಒಂದೇ, ನೆಂಟಸ್ತಿಕೆ ಒಂದೇ, ಸಂತೆಯೂ ಒಂದೇ. ಕಾಯ್ದೆ ಮಾತ್ರ ಬೇರೆ.

ಕೊಳ್ಳೇಗಾಲದ ಕಡೆ 1886ರ ಮದ್ರಾಸ್ ಅಬಕಾರಿ ಕಾಯ್ದೆ ನಡೆಯುತ್ತಿತ್ತು. ಯಳಂದೂರಿನ ಕಡೆ 1901ರ ಮೈಸೂರು ಅಬಕಾರಿ ಕಾಯ್ದೆ. ಎರಡರ ತಿರುಳೂ ಒಂದೇ ಆಗಿತ್ತು. ಹೆಂಡ ಇಳಿಸುವ ಮತ್ತು ಸಾರಾಯಿ ಮಾರುವ ಹಕ್ಕು ಸರ್ಕಾರದ್ದು. ಸರ್ಕಾರ ಆ ಹಕ್ಕನ್ನು ಹರಾಜಿನಲ್ಲಿ ಗುತ್ತಿಗೆದಾರರಿಗೆ ಕೊಡುತ್ತಿತ್ತು. ಹೆಚ್ಚು ಕೂಗಿದವನಿಗೆ ಅಂಗಡಿ. ಕೂಗಿದ ಹಣ ಹುಟ್ಟಬೇಕಾದರೆ ಹೆಚ್ಚು ಮಾರಲೇಬೇಕು. ನಮ್ಮ ಕಡೆ 'ಗಡಂಗು' ಎನ್ನುವುದನ್ನು ಅಲ್ಲಿಯವರು ಹೆಂಡದಂಗಡಿ, ಸಾರಾಯಿ ಅಂಗಡಿ ಎನ್ನುತ್ತಿದ್ದರು. ಹೆಸರು ಬೇರೆಯಾದರೂ ವ್ಯವಹಾರ ಒಂದೇ.

ಮದ್ರಾಸಿನ ಪಾನನಿರೋಧ

1937ರಲ್ಲಿ ಸಿ. ರಾಜಗೋಪಾಲಾಚಾರಿಯವರು ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದರು. ಆಗ ಪ್ರಾಂತ್ಯದ ಮುಖ್ಯಮಂತ್ರಿಯನ್ನು ಹಾಗೆ ಕರೆಯುತ್ತಿದ್ದರು. ಅದೇ ವರ್ಷ ಅಕ್ಟೋಬರ್ 1ರಂದು ಅವರು ತಮ್ಮ ಸ್ವಂತ ಜಿಲ್ಲೆಯಾದ ಸೇಲಂನಲ್ಲಿ ಪಾನನಿರೋಧವನ್ನು ಜಾರಿಗೆ ತಂದರು. ಸೇಲಂ ಜಿಲ್ಲೆಯ ಮೆಟ್ಟೂರು ಕಡೆಯ ಗಡಿ ಕೊಳ್ಳೇಗಾಲ ತಾಲ್ಲೂಕಿನ ಕಾಡಿಗೆ ತಾಗಿಕೊಂಡೇ ಇತ್ತು. ನಂತರ ಇನ್ನು ಕೆಲವು ಜಿಲ್ಲೆಗಳಿಗೆ ನಿಷೇಧ ವಿಸ್ತರಿಸಿತು.

ಇಲ್ಲೊಂದು ಗಮನಿಸಬೇಕಾದ ಅಂಶವಿದೆ. ಅಂದಿನ ಮದ್ರಾಸ್ ಸರ್ಕಾರಕ್ಕೆ ಭೂಕಂದಾಯ ಬಿಟ್ಟರೆ ಅಬಕಾರಿಯೇ ದೊಡ್ಡ ಆದಾಯ. ಅದು ಕೈಬಿಟ್ಟು ಹೋದರೆ ಖಜಾನೆ ತುಂಬುವುದು ಹೇಗೆ? ಅದಕ್ಕೆ ಉತ್ತರವಾಗಿ ಬಂದದ್ದು 1939ರ ಮದ್ರಾಸ್ ಸಾಮಾನ್ಯ ಮಾರಾಟ ತೆರಿಗೆ ಕಾಯ್ದೆ. ನಾವು ಅಂಗಡಿಯಲ್ಲಿ ಸಾಮಾನು ಕೊಂಡಾಗ ದಶಕಗಳ ಕಾಲ ಕೊಟ್ಟ ಮಾರಾಟ ತೆರಿಗೆಯ ಮೂಲದಲ್ಲಿ ಹೆಂಡದಂಗಡಿ ಮುಚ್ಚುವ ಆಸೆ ಇತ್ತೆಂಬುದು ಇಂದು ಹೆಚ್ಚು ಜನರಿಗೆ ನೆನಪಿಲ್ಲ. ಮುಂದೆ ಮದ್ಯದಂಗಡಿಗಳು ಮರಳಿ ಬಂದವು. ಮಾರಾಟ ತೆರಿಗೆಯೂ ಉಳಿಯಿತು!

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿಷೇಧವನ್ನು ತಡೆಹಿಡಿಯಲಾಯಿತು. 1946ರಿಂದ ಹಂತ ಹಂತವಾಗಿ ಮತ್ತೆ ಜಾರಿಗೊಳಿಸಿ, 1948ರ ಅಕ್ಟೋಬರ್ ವೇಳೆಗೆ ಇಡೀ ಮದ್ರಾಸ್ ಪ್ರಾಂತ್ಯವನ್ನು ಪಾನನಿರೋಧದ ವ್ಯಾಪ್ತಿಗೆ ತರಲಾಯಿತು. ಮಂಗಳೂರು, ಉಡುಪಿ, ಕಾಸರಗೋಡು, ಕೊಳ್ಳೇಗಾಲ, ಬಳ್ಳಾರಿ ಎಲ್ಲವೂ ಇದರಲ್ಲಿ ಸೇರಿದ್ದವು. ಮೈಸೂರು ಸಂಸ್ಥಾನದಲ್ಲಿ ಅಂತಹ ಸಂಪೂರ್ಣ ನಿಷೇಧ ಇರಲಿಲ್ಲ. ಕೊಳ್ಳೇಗಾಲ ಪೇಟೆಯಲ್ಲಿ ನಡೆಯುತ್ತಿದ್ದ ಕಾಯ್ದೆ ಯಳಂದೂರಿಗೆ ಕಾಲಿಟ್ಟರೆ ನಡೆಯುತ್ತಿರಲಿಲ್ಲ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲ ಮೈಸೂರು ಜಿಲ್ಲೆಗೆ ಸೇರಿತು. ಹೊಸ ಮೈಸೂರು ರಾಜ್ಯ ಆಗ ತೇಪೆ ಹಾಕಿದ ಬಟ್ಟೆಯಂತಿತ್ತು. ಮದ್ರಾಸಿನಿಂದ ಬಂದ ಭಾಗಗಳಲ್ಲಿ ಮದ್ರಾಸಿನ ನಿಷೇಧ, ಮುಂಬೈಯಿಂದ ಬಂದ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳಲ್ಲಿ ಮುಂಬೈಯ ನಿಷೇಧ, ಹೈದರಾಬಾದಿನಿಂದ ಬಂದ ಭಾಗಗಳಲ್ಲಿ ಬೇರೆ ಪದ್ಧತಿ. ಒಂದೇ ರಾಜ್ಯದಲ್ಲಿ ಒಂದು ಊರಿನಲ್ಲಿ ಅಪರಾಧವಾದದ್ದು ಇನ್ನೊಂದು ಊರಿನಲ್ಲಿ ಪರವಾನಗಿ ಪಡೆದ ವ್ಯಾಪಾರ. ಇಂತಹ ಸ್ಥಿತಿಯಲ್ಲಿ ಕಳ್ಳಬಟ್ಟಿ ಬೆಳೆಯದೆ ಇರುತ್ತದೆಯೇ?

1967: ಬಾಗಿಲು ಮತ್ತೆ ತೆರೆಯಿತು

ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1967ರಲ್ಲಿ, ಮೈಸೂರು ರಾಜ್ಯ ಪಾನನಿರೋಧವನ್ನು ಕೈಬಿಟ್ಟಿತು. 1965ರ ಅಬಕಾರಿ ಕಾಯ್ದೆ ಇಡೀ ರಾಜ್ಯಕ್ಕೆ ಅನ್ವಯವಾಯಿತು. ಕೊಳ್ಳೇಗಾಲದಲ್ಲೂ ಮಂಗಳೂರಿನಲ್ಲೂ ಸಾರಾಯಿ ಮಾರಾಟಕ್ಕೆ ಮತ್ತೆ ಕಾನೂನಿನ ಒಪ್ಪಿಗೆ ಸಿಕ್ಕಿತು. ಮತ್ತೆ ಹರಾಜು, ಮತ್ತೆ ಗುತ್ತಿಗೆದಾರರು.

ಆಗ ಗಡಿಯ ಚಿತ್ರ ತಿರುಗುಮುರುಗಾಯಿತು. ತಮಿಳುನಾಡಿನಲ್ಲಿ ನಿಷೇಧ ಇನ್ನೂ ಇತ್ತು. 1971ರಲ್ಲಿ ಅದನ್ನು ಸಡಿಲಿಸಿದರು, 1974ರ ಹೊತ್ತಿಗೆ ಮತ್ತೆ ಬಿಗಿ ಮಾಡಿದರು, 1981ರಲ್ಲಿ ಮತ್ತೆ ತೆರೆದರು. ಪಾಲಾರ್ ಮತ್ತು ಗರಿಕೆಕಂಡಿ ದಾರಿಗಳಲ್ಲಿ ತಮಿಳುನಾಡಿಗೆ ಹೊಂದಿಕೊಂಡಿರುವ ಹನೂರು ಭಾಗದ ಹಳ್ಳಿಗಳಿಗೆ ಈ ಏರಿಳಿತ ದೂರದ ಸುದ್ದಿಯಲ್ಲ. ಚೆನ್ನೈಯಲ್ಲಿ ಒಂದು ಸಹಿ ಬಿದ್ದರೆ ಗಡಿಯ ಈಚೆಗಿನ ಅಂಗಡಿಗೆ ಗಿರಾಕಿ ಹೆಚ್ಚುವುದು ಅಥವಾ ಕಡಿಮೆಯಾಗುವುದು ಸಹಜ. ಕೊಳ್ಳೇಗಾಲ ಸೀಮೆಯ ಕುಡಿತವನ್ನು ಕೊಳ್ಳೇಗಾಲದಲ್ಲಿ ಕೂತು ನಿರ್ಧರಿಸುವಂತಿರಲಿಲ್ಲ ಎಂಬುದಕ್ಕೆ ಇದೊಂದು ಉದಾಹರಣೆ.

ಸಾರಾಯಿ ನಿಷೇಧ ಮತ್ತು ಅದರ ಫಲ

ಸಾರಾಯಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬರತೊಡಗಿದ ಮೇಲೆ ಅದು ಹಳ್ಳಿ ಹಳ್ಳಿಗೂ ಸುಲಭವಾಗಿ ತಲುಪಿತು. ನಮ್ಮ ಕಡೆ ಅದನ್ನು ಕೊಟ್ಟೆ ಸಾರಾಯಿ ಎಂದು ಕರೆಯುತ್ತಿದ್ದರು. ಸುಂಕ ಕಟ್ಟಿದ ಸಾರಾಯಿಯ ಜೊತೆ ಸುಂಕ ಕಟ್ಟದ 'ಸೆಕೆಂಡ್ಸ್' ಸಾರಾಯಿಯೂ ಅದೇ ಅಂಗಡಿಯಲ್ಲಿ ಮಾರಾಟವಾಗುತ್ತದೆಂಬ ಆರೋಪ ವರ್ಷಗಳ ಕಾಲ ಕೇಳಿಬಂತು. ಕೊನೆಗೆ ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ, 2007ರ ಜುಲೈ 1ರಿಂದ, ಕರ್ನಾಟಕದಲ್ಲಿ ಸಾರಾಯಿ ಮಾರಾಟವನ್ನು ನಿಷೇಧಿಸಲಾಯಿತು. ಹಣಕಾಸು ಖಾತೆ ಹೊಂದಿದ್ದ ಉಪಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಆ ವರ್ಷದ ಬಜೆಟ್ಟಿನಲ್ಲಿ ಇದನ್ನು ಘೋಷಿಸಿದ್ದರು.

ಹಲವು ಮನೆಗಳಲ್ಲಿ ಅಂದು ನಿಟ್ಟುಸಿರು ಬಿಟ್ಟಿರಬೇಕು. ಆದರೆ ಮುಂದೆ ನಡೆದದ್ದನ್ನೂ ನೋಡಬೇಕು. ಸಾರಾಯಿ ಹೋಯಿತು, ಕುಡಿಯುವ ಚಟ ಹೋಗಲಿಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿ ಭಾಗಗಳಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ನಿಷೇಧ ಇಲ್ಲದ 1981ರಲ್ಲೂ ಬೆಂಗಳೂರಿನಲ್ಲಿ ವಿಷಮದ್ಯ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಹೀಗೆಯೇ ಪ್ರಾಣ ಕಳೆದುಕೊಂಡರು. ಅಲ್ಲಿ ಸರ್ಕಾರಿ ಮದ್ಯದಂಗಡಿಗಳು ತೆರೆದೇ ಇದ್ದವು. ಅಂದರೆ ಅಂಗಡಿ ಮುಚ್ಚಿದರೂ, ತೆರೆದರೂ ಬಡವನಿಗೆ ಅಗ್ಗದ ವಿಷ ಮಾರುವವರು ಇದ್ದೇ ಇರುತ್ತಾರೆ.

ಇಂತಹ ಮದ್ಯ ಏಕೆ ಕೊಲ್ಲುತ್ತದೆ? ಕಾರ್ಖಾನೆಗಳಲ್ಲಿ ಬಳಸುವ ಮೆಥನಾಲ್ ನೋಡಲು ಕುಡಿಯುವ ಮದ್ಯಸಾರದಂತೆಯೇ ಇರುತ್ತದೆ. ಹೊಟ್ಟೆಗೆ ಹೋದ ಮೇಲೆ ಅದು ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಬದಲಾಗುತ್ತದೆ. ಆ ಆಮ್ಲ ಕಣ್ಣಿನ ನರವನ್ನು ಹಾಳು ಮಾಡುತ್ತದೆ, ರಕ್ತವನ್ನು ಆಮ್ಲೀಯಗೊಳಿಸುತ್ತದೆ. ಮೊದಲಿಗೆ ಮತ್ತು ಬಂದಂತೆ ಕಾಣುವುದರಿಂದ ಕುಡಿದವನಿಗೆ ಗೊತ್ತಾಗುವುದಿಲ್ಲ. ಹಲವು ಗಂಟೆಗಳ ನಂತರ ಹೊಟ್ಟೆನೋವು, ವಾಂತಿ, ಕಣ್ಣು ಮಂಜಾಗುವುದು ಶುರುವಾಗುತ್ತದೆ. ಆಗ ಮಜ್ಜಿಗೆ, ನಿಂಬೆರಸ ಎಂದು ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ಜೊತೆಯಲ್ಲಿ ಕುಡಿದವರು ಆರಾಮವಾಗಿ ಕಂಡರೂ ಅವರನ್ನೂ ಕರೆದೊಯ್ಯಬೇಕು.

ಸಾರಾಯಿಯ ಜಾಗಕ್ಕೆ ಬಂದದ್ದು ಅಗ್ಗದ ವಿಸ್ಕಿ, ಬ್ರಾಂಡಿ, ರಮ್. ಕ್ವಾರ್ಟರ್, ನೈಂಟಿ, ಟೆಟ್ರಾ ಪ್ಯಾಕ್ ಎಂಬ ಮಾತುಗಳು ಹಳ್ಳಿಯ ಮಕ್ಕಳ ಬಾಯಲ್ಲೂ ಸೇರಿಕೊಂಡವು. ಪರವಾನಗಿ ಇರುವ ಅಂಗಡಿ ಪೇಟೆಯಲ್ಲಿದ್ದರೂ ಅಲ್ಲಿಂದ ತಂದ ಪ್ಯಾಕೆಟ್ಟುಗಳನ್ನು ಹಳ್ಳಿಯ ಗೂಡಂಗಡಿ, ಮನೆಗಳಲ್ಲಿ ಕದ್ದು ಮಾರುತ್ತಾರೆಂಬುದು ಇಡೀ ರಾಜ್ಯದ ಹಳ್ಳಿಗಳ ದೂರು.

ಹೆದ್ದಾರಿಯ ತೀರ್ಪು

2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂದು ತೀರ್ಪು ನೀಡಿತು. ಕುಡಿದು ವಾಹನ ಓಡಿಸುವುದರಿಂದ ಆಗುವ ಸಾವುಗಳನ್ನು ತಡೆಯುವುದು ಅದರ ಉದ್ದೇಶ. 2017ರ ಮಾರ್ಚ್ 31ರಂದು ಇದನ್ನು ತಿದ್ದಿ, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ 220 ಮೀಟರ್ ಸಾಕೆಂದಿತು.

ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು, ಚಾಮರಾಜನಗರದ ಮೂಲಕ ಸತ್ಯಮಂಗಲಕ್ಕೆ ಹೋಗುವ ರಸ್ತೆ ಮೊದಲು 209ನೇ ರಾಷ್ಟ್ರೀಯ ಹೆದ್ದಾರಿಯಾಗಿತ್ತು, ಈಗ ಅದರ ಸಂಖ್ಯೆ 948. ಆದ್ದರಿಂದ ಈ ತೀರ್ಪು ಕೊಳ್ಳೇಗಾಲ ಸೀಮೆಯ ಪೇಟೆಗಳಿಗೆ ನೇರವಾಗಿ ಅನ್ವಯಿಸಿತು. ತೀರ್ಪಿನ ಉದ್ದೇಶ ಒಳ್ಳೆಯದೇ. ಆದರೆ ಹೆದ್ದಾರಿಯಿಂದ ದೂರ ಸರಿದ ಅಂಗಡಿ ಎಲ್ಲಿಗೆ ಹೋಗಬೇಕು? ಊರೊಳಗೆ, ಮನೆಗಳ ನಡುವೆ, ಹೆಣ್ಣುಮಕ್ಕಳು ನೀರಿಗೂ ಶಾಲೆಗೂ ಹೋಗುವ ದಾರಿಗೆ. ಕರ್ನಾಟಕದ ಹಲವು ಕಡೆ ಮಹಿಳೆಯರು ಬೀದಿಗಿಳಿದು ಅಂಗಡಿಯ ಸ್ಥಳಾಂತರವನ್ನು ವಿರೋಧಿಸಿದ್ದು ಇದೇ ಕಾರಣಕ್ಕೆ. 2017ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ತನ್ನ ಆದೇಶ ಪೌರ ಸಂಸ್ಥೆಗಳ ವ್ಯಾಪ್ತಿಯೊಳಗಿನ ಪರವಾನಗಿಗಳನ್ನು ತಡೆಯುವುದಿಲ್ಲವೆಂದು ಸ್ಪಷ್ಟಪಡಿಸಿತು. ಪೇಟೆಯವರಿಗೆ ಇದು ಅನುಕೂಲವಾಯಿತು. ಹಳ್ಳಿಯವರ ಗೋಳು ಹಾಗೆಯೇ ಉಳಿಯಿತು.

ಮಂಗಳೂರಿನ ಪಬ್ ವಿವಾದವೇ ಬೇರೆ

ಮದ್ಯದಂಗಡಿಯ ವಿವಾದ ಎಂದರೆ ನಮ್ಮ ಓದುಗರಿಗೆ ಮೊದಲು ನೆನಪಾಗುವುದು 2009ರ ಜನವರಿ 24. ಅಂದು ಮಂಗಳೂರಿನ ಬಲ್ಮಠದ 'ಅಮ್ನೇಶಿಯಾ' ಪಬ್‌ಗೆ ನುಗ್ಗಿದ ಗುಂಪು ಅಲ್ಲಿದ್ದ ಯುವತಿಯರನ್ನು ಎಳೆದಾಡಿ ಹೊಡೆಯಿತು. ಶ್ರೀರಾಮ ಸೇನೆಯ ಹೆಸರು ಕೇಳಿಬಂತು. ಅದರ ದೃಶ್ಯಗಳನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. 2018ರ ಮಾರ್ಚ್‌ನಲ್ಲಿ ಮಂಗಳೂರಿನ ನ್ಯಾಯಾಲಯ ಸಾಕ್ಷ್ಯದ ಕೊರತೆಯಿಂದ ಆರೋಪಿಗಳನ್ನು ಬಿಡುಗಡೆ ಮಾಡಿತು. ಹಾಡಹಗಲು ಕ್ಯಾಮರಾದ ಮುಂದೆ ನಡೆದ ಹಲ್ಲೆಗೆ ಒಬ್ಬರಿಗೂ ಶಿಕ್ಷೆಯಾಗಲಿಲ್ಲ.

ಆಗ 'ಪಬ್ ಸಂಸ್ಕೃತಿ ಬೇಡ' ಎಂಬ ಮಾತನ್ನು ಹಲವರು ಆಡಿದರು. ನಮ್ಮ ನಡುವೆಯೂ ಕೆಲವರು ಅದಕ್ಕೆ ತಲೆದೂಗಿರಬಹುದು. ಆದರೆ ಎರಡು ವಿವಾದಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಬಲ್ಮಠದಲ್ಲಿ ನಡೆದದ್ದು ಹೆಣ್ಣುಮಕ್ಕಳು ಏನು ಮಾಡಬೇಕೆಂದು ಪರಪುರುಷರು ಕೈಬಲದಿಂದ ತೀರ್ಮಾನಿಸಿದ್ದು. ಹಳ್ಳಿಯ ಮದ್ಯದಂಗಡಿ ಬೇಡವೆಂದು ಮಹಿಳೆಯರು ಕೇಳುವುದು ತಮ್ಮ ಮನೆಯ ಬಗ್ಗೆ ತಮ್ಮ ಮಾತಿಗೆ ಬೆಲೆ ಇರಲಿ ಎಂದು. ಮೊದಲನೆಯದರಲ್ಲಿ ಹೆಣ್ಣಿನ ಮಾತನ್ನು ಕಿತ್ತುಕೊಂಡರು. ಎರಡನೆಯದರಲ್ಲಿ ಆಕೆಗೆ ಮಾತು ಬೇಕಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನ ಪ್ರಕಾರ ದೇಶದಲ್ಲಿ 15 ವರ್ಷ ಮೀರಿದ ಪುರುಷರಲ್ಲಿ ನೂರಕ್ಕೆ ಸುಮಾರು 19 ಮಂದಿ ಮದ್ಯ ಕುಡಿಯುತ್ತಾರೆ, ಮಹಿಳೆಯರಲ್ಲಿ ನೂರಕ್ಕೆ ಸುಮಾರು ಒಬ್ಬರು. ಕುಡಿತದ ಸಮಸ್ಯೆಯ ದೊಡ್ಡ ಪಾಲು ಯಾವ ಕಡೆ ಇದೆಯೆಂದು ಬೇರೆ ಹೇಳಬೇಕಾಗಿಲ್ಲ.

ನಿಯಮ ಏನು ಹೇಳುತ್ತದೆ?

ಕರ್ನಾಟಕದ ಮದ್ಯ ಪರವಾನಗಿಗಳಿಗೆ ಬೇರೆ ಬೇರೆ ಹೆಸರುಗಳಿವೆ. ಸಾಮಾನ್ಯವಾಗಿ ಕಾಣುವವು ಇವು.

ಸಿಎಲ್-2: ಜನ 'ವೈನ್ ಶಾಪ್' ಎನ್ನುವ ಅಂಗಡಿ. ಬಾಟಲಿ ಕೊಂಡು ಹೋಗಬೇಕು, ಅಲ್ಲೇ ಕುಡಿಯುವಂತಿಲ್ಲ.

ಸಿಎಲ್-7: ತಂಗಲು ಕೊಠಡಿಗಳಿರುವ ಹೋಟೆಲ್ ಮತ್ತು ವಸತಿಗೃಹ.

ಸಿಎಲ್-9: ಕೂತು ಕುಡಿಯುವ ಬಾರ್ ಅಂಡ್ ರೆಸ್ಟೋರೆಂಟ್.

ಇವಲ್ಲದೆ ಸರ್ಕಾರಿ ಸಂಸ್ಥೆಯಾದ ಎಂ.ಎಸ್.ಐ.ಎಲ್. ನಡೆಸುವ ಮಳಿಗೆಗಳಿವೆ. 2003ರಿಂದ ಸಗಟು ಮಾರಾಟ ಪೂರ್ತಿಯಾಗಿ ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ಯಾವ ಅಂಗಡಿಯ ಬಾಟಲಿಯಾದರೂ ಸರ್ಕಾರದ ಗೋದಾಮಿನಿಂದಲೇ ಬರುತ್ತದೆ.

1967ರ ಅಬಕಾರಿ ಪರವಾನಗಿಗಳ ಸಾಮಾನ್ಯ ಷರತ್ತುಗಳ ನಿಯಮಗಳಲ್ಲಿ 5ನೇ ನಿಯಮ ಪ್ರತಿಯೊಬ್ಬ ಸಮಾಜ ಸೇವಕನೂ ತಿಳಿದಿರಬೇಕಾದದ್ದು. ಪೂಜಾಸ್ಥಳ, ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರೇ ಹೆಚ್ಚಾಗಿ ವಾಸಿಸುವ ಬಡಾವಣೆಯಲ್ಲೂ ಇರಕೂಡದು. ಅಂಗಡಿ ಬಂದಮೇಲೆ ಕೂಗಾಡುವುದಕ್ಕಿಂತ, ಸ್ಥಳಾಂತರದ ಸುದ್ದಿ ತಿಳಿದ ಕೂಡಲೇ ಅಳತೆ ಸಹಿತ ಲಿಖಿತ ಆಕ್ಷೇಪಣೆಯನ್ನು ಜಿಲ್ಲಾಧಿಕಾರಿಗಳಿಗೂ ಅಬಕಾರಿ ಉಪ ಆಯುಕ್ತರಿಗೂ ಸಲ್ಲಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಹೆಚ್ಚು ಫಲಕಾರಿ.

ಆದರೆ ನಿಯಮಕ್ಕೆ ಒಂದು ದೊಡ್ಡ ಮಿತಿ ಇದೆ. ಅದು ಅಳತೆಯನ್ನು ಕೇಳುತ್ತದೆಯೇ ಹೊರತು ಊರಿನ ಒಪ್ಪಿಗೆಯನ್ನಲ್ಲ. ಅಂಗಡಿ 101 ಮೀಟರ್ ದೂರದಲ್ಲಿದ್ದರೆ ಊರಿನ ಎಲ್ಲ ಮಹಿಳೆಯರು ಬೇಡವೆಂದರೂ ಅದು ನಿಯಮಬದ್ಧವೇ. ಮಹಾರಾಷ್ಟ್ರದಲ್ಲಿ ಹಾಗಿಲ್ಲ. ಅಲ್ಲಿ ಊರಿನ ಮಹಿಳಾ ಮತದಾರರಲ್ಲಿ ನಿಗದಿತ ಪಾಲಿನವರು ಅರ್ಜಿ ಕೊಟ್ಟರೆ ಮತದಾನ ನಡೆಯುತ್ತದೆ. ನಿಂತ ಬಾಟಲಿ, ಮಲಗಿದ ಬಾಟಲಿ ಎರಡು ಗುರುತುಗಳು. ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಲಗಿದ ಬಾಟಲಿಗೆ ಮತ ಹಾಕಿದರೆ ಅಂಗಡಿ ಮುಚ್ಚಬೇಕು. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದು ಬಂದು ಮದ್ಯನಿಷೇಧಕ್ಕೆ ಒತ್ತಾಯಿಸಿದ್ದರು. ಆ ಕೂಗಿಗೂ ಕಾಯ್ದೆಯಲ್ಲಿ ಜಾಗ ಸಿಕ್ಕಿಲ್ಲ.

ಸೋಲಿಗರ ವಿಷಯವನ್ನು ಇಲ್ಲಿ ಬೇರೆಯಾಗಿ ಹೇಳಬೇಕು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟ ಮತ್ತು ಹನೂರು ತಾಲ್ಲೂಕಿನ ಮಹದೇಶ್ವರ ಬೆಟ್ಟದ ಪೋಡುಗಳಲ್ಲಿ ಸೋಲಿಗ ಗಿರಿಜನರಿದ್ದಾರೆ. 1996ರ ಪೆಸಾ ಕಾಯ್ದೆಯ ಪ್ರಕಾರ ಅನುಸೂಚಿತ ಪ್ರದೇಶಗಳ ಗ್ರಾಮಸಭೆಗಳಿಗೆ ಮದ್ಯ ಮಾರಾಟವನ್ನು ನಿಷೇಧಿಸುವ ಅಥವಾ ನಿಯಂತ್ರಿಸುವ ಅಧಿಕಾರ ಕೊಡಬೇಕು. ಆದರೆ ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳೇ ಇಲ್ಲ. ಹಾಗಾಗಿ ಆ ಕಾಯ್ದೆಯ ಆಸರೆ ಸೋಲಿಗರಿಗೆ ಸಿಗುವುದಿಲ್ಲ. ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಕಾಡಿನ ಮೇಲಿನ ಸಮುದಾಯ ಹಕ್ಕು ದೊರೆಯಿತು. ಜೇನಿನ ಬಗ್ಗೆ, ನೆಲ್ಲಿಕಾಯಿಯ ಬಗ್ಗೆ ಅವರ ಸಭೆಯ ಮಾತು ನಡೆಯುತ್ತದೆ. ಮದ್ಯದಂಗಡಿಯ ಬಗ್ಗೆ ನಡೆಯುವುದಿಲ್ಲ.

ಖಜಾನೆಯ ಲೆಕ್ಕ, ಮನೆಯ ಲೆಕ್ಕ

ಸಂವಿಧಾನದ 47ನೇ ವಿಧಿ ಮಾದಕ ಪಾನೀಯಗಳ ನಿಷೇಧಕ್ಕೆ ಪ್ರಯತ್ನಿಸಬೇಕೆಂದು ಸರ್ಕಾರಗಳಿಗೆ ಹೇಳುತ್ತದೆ. 2025-26ರ ಕರ್ನಾಟಕ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಯಾವ ಪಕ್ಷದ ಸರ್ಕಾರ ಬಂದರೂ ಗುರಿ ಏರುತ್ತಾ ಬಂದಿದೆ. ಈ ಹಣದಿಂದ ಶಾಲೆ, ರಸ್ತೆ, ಪಿಂಚಣಿಯೂ ನಡೆಯುತ್ತದೆ ಎಂಬುದು ನಿಜ. ಆದ್ದರಿಂದ ನಾಳೆಯೇ ಎಲ್ಲ ಅಂಗಡಿ ಮುಚ್ಚಿ ಎಂದು ಹೇಳುವವರು ಆ ಹಣ ಎಲ್ಲಿಂದ ಬರಬೇಕೆಂದೂ ಹೇಳಬೇಕು. ರಾಜಾಜಿಯವರು ಕನಿಷ್ಠ ಆ ಪ್ರಶ್ನೆಗೆ ಉತ್ತರ ಹುಡುಕಿದ್ದರು.

ಮನೆಯ ಲೆಕ್ಕ ಇನ್ನೂ ಸರಳ. ಕೂಲಿ ಮಾಡುವ ಒಬ್ಬನು ದಿನಕ್ಕೆ 100 ರೂಪಾಯಿಯ ಮದ್ಯ ಕುಡಿಯುತ್ತಾನೆಂದು ಇಟ್ಟುಕೊಳ್ಳೋಣ. ತಿಂಗಳಿಗೆ 3,000 ರೂಪಾಯಿ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಅದೇ ಮನೆಯ ಯಜಮಾನಿಗೆ ಬರುವುದು ತಿಂಗಳಿಗೆ 2,000. ಒಂದು ಬಾಗಿಲಿನಿಂದ ಬಂದದ್ದಕ್ಕಿಂತ ಹೆಚ್ಚು ಇನ್ನೊಂದು ಬಾಗಿಲಿನಿಂದ ಹೊರಗೆ ಹೋಯಿತು. ಕೆಲಸ ತಪ್ಪಿದ ದಿನಗಳು, ಆಸ್ಪತ್ರೆಯ ಖರ್ಚು, ಸಂಘದ ಸಾಲದ ಕಂತು, ರಾತ್ರಿಯ ಹೊಡೆತ ಈ ಲೆಕ್ಕದಲ್ಲಿ ಸೇರಿಲ್ಲ.

ನಾವು ಮಾಡಬಹುದಾದದ್ದು

ಧರ್ಮಕೇಂದ್ರಗಳ ಕಾರ್ಯಕರ್ತರಿಗೆ ಈ ಇತಿಹಾಸದಿಂದ ಕಲಿಯಲು ಇರುವುದು ಇಷ್ಟು. ಅಂಗಡಿ ಮುಚ್ಚಿಸುವುದೊಂದೇ ಗುರಿಯಾದರೆ ಅರ್ಧ ಕೆಲಸವಾಯಿತು. ಕುಡಿಯುವವನಿಗೆ ಚಿಕಿತ್ಸೆಯೂ ಮನೆಯವರಿಗೆ ಬೆಂಬಲವೂ ದೊರೆತಾಗ ಮಾತ್ರ ಕೆಲಸ ಪೂರ್ಣವಾಗುತ್ತದೆ.

ಮೊದಲನೆಯದಾಗಿ, ಕುಡಿತದ ಚಟವನ್ನು ಕಾಯಿಲೆಯೆಂದು ಒಪ್ಪಿಕೊಳ್ಳಬೇಕು. ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ. ಅವರಲ್ಲಿ 5 ಕೋಟಿಗೂ ಹೆಚ್ಚು ಮಂದಿಗೆ ನೆರವು ಬೇಕಾಗಿದೆ. ಬೈಗುಳ, ಆಣೆ, ಪ್ರಮಾಣಗಳಿಂದ ಅವರೆಲ್ಲ ಗುಣವಾಗುವುದಿಲ್ಲ.

ಎರಡನೆಯದು ಬಹಳ ಮುಖ್ಯ. ವರ್ಷಗಟ್ಟಲೆ ದಿನವೂ ಕುಡಿದವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬಾರದು. ಮೊದಲ ದಿನ ಕೈನಡುಕ, ಬೆವರು, ನಿದ್ರೆ ಇಲ್ಲದಿರುವುದು ಕಾಣಿಸಬಹುದು. ಒಂದೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನಗಳಲ್ಲಿ ಇಲ್ಲದ್ದು ಕಾಣುವ ಭ್ರಮೆ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರ ಮೇಲ್ವಿಚಾರಣೆಯಲ್ಲಿ, ಔಷಧಿ ಮತ್ತು ಬಿ1 ವಿಟಮಿನ್ ಕೊಟ್ಟು ಬಿಡಿಸಿದರೆ ಈ ಅಪಾಯ ತಪ್ಪುತ್ತದೆ. ಮೂರು ತಾಲ್ಲೂಕಿನವರಿಗೆ ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಉಚಿತ ಸಲಹೆ ಸಿಗುತ್ತದೆ.

ಮೂರನೆಯದಾಗಿ, ಕುಡಿತ ಬಿಟ್ಟವನಿಗೆ ಜೊತೆ ಬೇಕು. 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘಟನೆಯ ಸಭೆಗಳನ್ನು ನಡೆಸಲು ಒಂದು ಕೋಣೆ ಮತ್ತು ಕೆಲವು ಕುರ್ಚಿ ಸಾಕು. ಕುಟುಂಬದವರಿಗೆ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಕರಾವಳಿಯವರಿಗೆ ಪರಿಚಿತ. ಯಾವ ಜಾತಿ ಧರ್ಮದವರು ನಡೆಸಿದರೂ ಒಳ್ಳೆಯ ಕೆಲಸದೊಂದಿಗೆ ಕೈಜೋಡಿಸಲು ಸಂಕೋಚ ಬೇಡ.

ನಾಲ್ಕನೆಯದಾಗಿ, ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣಿಗೆ 'ಸಹಿಸಿಕೋ' ಎಂಬ ಒಂದೇ ಉಪದೇಶ ಕೊಡಬಾರದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆಕೆಗೆ ರಕ್ಷಣೆ ಕೊಡುತ್ತದೆ. ಮಹಿಳಾ ಸಹಾಯವಾಣಿ ಸಂಖ್ಯೆ 181.

ಕೊನೆಯದಾಗಿ, ನಮ್ಮ ಮದುವೆ, ರೋಸ್, ಹಬ್ಬದ ಊಟಗಳತ್ತಲೂ ಒಮ್ಮೆ ನೋಡಿಕೊಳ್ಳೋಣ. ಬಾಟಲಿ ಇಲ್ಲದಿದ್ದರೆ ಮರ್ಯಾದೆ ಇಲ್ಲವೆಂದು ನಾವೇ ನಡೆದುಕೊಂಡರೆ ಹನೂರಿನ ಹಳ್ಳಿಯ ಅಂಗಡಿ ಮುಚ್ಚಿ ಎಂದು ಹೇಳುವ ನೈತಿಕ ಬಲ ನಮಗೆ ಎಲ್ಲಿಂದ ಬರುತ್ತದೆ?

1948ರಲ್ಲಿ ಮದ್ರಾಸ್ ಮುಚ್ಚಿತು, 1967ರಲ್ಲಿ ಬೆಂಗಳೂರು ತೆರೆಯಿತು, 2007ರಲ್ಲಿ ಅರ್ಧ ಮುಚ್ಚಿತು, 2017ರಲ್ಲಿ ದೆಹಲಿ ಪಕ್ಕಕ್ಕೆ ಸರಿಸಿತು. ಮುಂದಿನ ತೀರ್ಮಾನವಾದರೂ ಕೊಳ್ಳೇಗಾಲ, ಹನೂರು, ಯಳಂದೂರಿನ ಗ್ರಾಮಸಭೆಗಳಲ್ಲಿ, ಅಲ್ಲಿನ ಮಹಿಳೆಯರ ಕೈ ಎತ್ತುವಿಕೆಯಿಂದ ಆಗಲಿ. ಅದಕ್ಕೆ ಕಾಯ್ದೆಯ ತಿದ್ದುಪಡಿ ಬೇಕು. ತಿದ್ದುಪಡಿಗೆ ಒತ್ತಾಯ ಬೇಕು. ಆ ಒತ್ತಾಯದಲ್ಲಿ ಒಂದು ಕಾಲದಲ್ಲಿ ಅವರೊಂದಿಗೆ ಒಂದೇ ಕಾಯ್ದೆಯ ಕೆಳಗೆ ಬಾಳಿದ ಕರಾವಳಿಯ ಜನರ ಧ್ವನಿಯೂ ಸೇರಲಿ.